ಕ್ವಾರ್ಟರ್ಸ್ ಪಾರ್ಕಿನ ಉಯ್ಯಾಲೆ

"ಇವು ಯಾರ ಮನೆ ಮಕ್ಕಳು?" ಎಂದು ಜಲಜಮ್ಮ ಕೇಳಿದಾಗ ಆದಿಲಕ್ಷ್ಮಿ ಉಯ್ಯಾಲೆ ತೂಗುತ್ತಿದ್ದಳು. ಅದರಲ್ಲಿ ಅವಳ ಮಗ ಗಿರಿ ಕೂತಿದ್ದ. ಮಗಳು ವನಜ ತನ್ನ ಸರದಿಗಾಗಿ ಪಕ್ಕದಲ್ಲಿ ಕಾಯುತ್ತಿದ್ದಳು. ನನ್ನವೇ ಎನ್ನಲು ಆದಿಲಕ್ಷ್ಮಿ ಬಾಯಿ ತೆರೆಯುವಷ್ಟರಲ್ಲಿ ಕಾವಲುಗಾರ ಮುನಿಯಲ್ಲಪ್ಪ ಗೇಟಿನಿಂದ ಓಡಿಬಂದ.

"ಹೊಸ್ದಾಗಿ ಬಂದವ್ರಲ್ಲ ಇಂಜಿನಿಯರ್ರು, ಅವ್ರ ಮಕ್ಳು ಕಣಮ್ಮ. ಈವಮ್ಮ ಆಯಾ."

ಅದು ಕಾರ್ಖಾನೆಯ ಆಫೀಸರುಗಳ ಕ್ವಾರ್ಟರ್ಸಿನ ಪಾರ್ಕು. ಬೇರೆಯವರು ಬರಬಾರದೆಂದು ಗೇಟಿನಲ್ಲಿ ತಮಿಳು, ಇಂಗ್ಲಿಷಿನ ಬೋರ್ಡಿತ್ತು. ಆದಿಲಕ್ಷ್ಮಿಗೆ ಎರಡೂ ಬಾರದು. ನಮ್ಮ ಕಡೆಯವಳು, ಪಾಪ, ಎಂದು ಮುನಿಯಲ್ಲಪ್ಪನೇ ಒಳಗೆ ಬಿಟ್ಟಿದ್ದ. ಈಗ ಅವನ ಕೆಲಸಕ್ಕೇ ಕುತ್ತು.

ಗಂಡ ರಾಮಕೃಷ್ಣಪ್ಪನಿಗೆ ಅದೇ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಚನ್ನಪಟ್ಟಣದ ಕಡೆಯಿಂದ ಬಂದು ತಮಿಳುನಾಡಿನ ಗಡಿಯ ಹೊಸೂರಿನ ಹತ್ತಿರ, ಮತ್ತಿಗಿರಿಯಲ್ಲಿ ಒಂದು ಕೋಣೆ ಹಿಡಿದಿದ್ದರು. ಅಂಗಳ ಮನೆಯೊಡತಿಯದು, ಅಲ್ಲಿ ಹಪ್ಪಳ ಒಣಗಬಹುದು, ಮಕ್ಕಳು ಓಡಬಾರದು. ರಾತ್ರಿ ಪಾಳಿಯ ಗಂಡ ಹಗಲೆಲ್ಲ ಮಲಗಬೇಕು. ಹಾಗಾಗಿ ಸಂಜೆಯಾದರೆ ಮಕ್ಕಳ ಕೈಹಿಡಿದು ಅವಳು ಪಾರ್ಕು ಹುಡುಕುತ್ತ ಅಲೆಯುತ್ತಿದ್ದಳು. ಬಸ್ಸು ಹತ್ತಿ ಹೊಸೂರಿಗೆ ಹೋದರೆ ಅಲ್ಲಿನ ಉಯ್ಯಾಲೆಯಲ್ಲಿ ಬರೀ ಸರಪಳಿ ನೇತಾಡುತ್ತಿತ್ತು, ಹಲಗೆ ಯಾರದೋ ಒಲೆ ಸೇರಿತ್ತು. ಇನ್ನೊಂದು ಪಾರ್ಕಿನಲ್ಲಿ ಇಸ್ಪೀಟಾಡುವ ಗಂಡಸರು ಬೆಂಚು ಬಿಟ್ಟು ಏಳಲಿಲ್ಲ, ಅವಳ ಮೇಲಿನ ಕಣ್ಣನ್ನೂ ಕೀಳಲಿಲ್ಲ. ಕೊನೆಗೆ ಸಿಕ್ಕಿದ್ದು ಇದು.

ಜಲಜಮ್ಮ ಆಫೀಸರೊಬ್ಬರ ಹೆಂಡತಿ, ಹೊಸೂರಿನ ಹಳೇ ಮನೆತನದವಳು. ಮಾತಾಡಿದ್ದು ಕನ್ನಡದಲ್ಲೇ, ಅದೇ ಆದಿಲಕ್ಷ್ಮಿಗೆ ಹೆಚ್ಚು ಚುಚ್ಚಿತು.

"ಪರವಾಗಿಲ್ಲ, ಮಕ್ಕಳನ್ನ ಚೊಕ್ಕಟವಾಗಿ ಇಟ್ಕೊಂಡಿದ್ದೀಯ. ನಮ್ಮ ಬಾಬುನ್ನೂ ಸ್ವಲ್ಪ ತೂಗು." ಕೈಹಿಡಿದು ತಂದಿದ್ದ ಮಗನನ್ನು ಮುಂದೆ ತಳ್ಳಿದಳು.

ಇಳಿಸಲು ಹೋದರೆ ಗಿರಿ ಸರಪಳಿ ಬಿಡದೆ "ಅಮ್ಮಾ" ಎಂದು ರಾಗ ತೆಗೆದ. ಜಲಜಮ್ಮ ನಕ್ಕಳು.

"ಆಯಾನ ಅಮ್ಮ ಅಂತಾನಲ್ಲ! ಈ ಅಭ್ಯಾಸ ಬಿಡಿಸು. ಹೆತ್ತವಳಿಗೆ ಬೇಜಾರಾಗತ್ತೆ."

ಮುನಿಯಲ್ಲಪ್ಪ ನೆಲ ನೋಡುತ್ತಿದ್ದ. ಗಂಡನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

"ಹೂನಮ್ಮ," ಎಂದಳು ಆದಿಲಕ್ಷ್ಮಿ. ಮಗನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ದೀಪ ಹೊತ್ತುವವರೆಗೂ ಬಾಬುವನ್ನು ತೂಗಿದಳು. ವನಜಳ ಸರದಿ ಬರಲೇ ಇಲ್ಲ.

ಮನೆಗೆ ಬಂದು ಅಡುಗೆಗೆ ಕೂತವಳಿಗೆ ಅಳು ತಡೆಯಲಾಗಲಿಲ್ಲ. ಹೊಗೆಯ ನೆಪ ಹೇಳೋಣವೆಂದರೆ ಈ ಊರಿಗೆ ಬಂದಮೇಲೆ ಸೌದೆ ಒಲೆಯೂ ಇರಲಿಲ್ಲ, ಸೀಮೆಎಣ್ಣೆ ಸ್ಟೌ. ಗಂಡ ಬುತ್ತಿ ಹಿಡಿದು ಪಾಳಿಗೆ ಹೊರಟ. ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದನ್ನು ತನ್ನದಲ್ಲ ಎಂದು ಒಪ್ಪಿಕೊಂಡುಬಂದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಮರುದಿನ ಸಂಜೆ ಅವಳು ಸೆರಗು ಬಿಗಿದು ಪಾತ್ರೆ ತಿಕ್ಕಲು ಕೂತಳು.

"ಇವತ್ತು ಎಲ್ಲೂ ಹೋಗಾದ್ ಬ್ಯಾಡ. ಒಳಗೇ ಆಡ್ಕಳಿ."

ವನಜ ಆಗಲೇ ತಾನೇ ಜಡೆ ಹೆಣೆದುಕೊಂಡು, ತಮ್ಮನ ಮುಖ ತೊಳೆಸಿ ಬಾಗಿಲಲ್ಲಿ ನಿಲ್ಲಿಸಿದ್ದಳು.

"ಹೋಗಾನ ಕಣಮ್ಮ. ಅಲ್ಲಿ ನಿನ್ನ ಅಮ್ಮ ಅನ್ನಾಕಿಲ್ಲ. ಇವನ್ಗೂ ಹೇಳ್ಕೊಟ್ಟಿವ್ನಿ." ತಮ್ಮನ ಕಡೆ ತಿರುಗಿದಳು. "ಅಲ್ಲಿ ಏನಂತ ಕರೀಬೇಕ್ಲಾ?"

ಗಿರಿ ತಾಯಿಯ ಮುಖ ನೋಡಿ, "ಆಯಾ," ಎಂದ.

ವನಜ ಅವನ ತಲೆ ಸವರಿ, ಬಗ್ಗಿ ಅವನ ಚಪ್ಪಲಿಯ ಬಕಲು ಹಾಕತೊಡಗಿದಳು.