ಹಕ್ಕಿ ಎಬ್ಬಿಸದ ದೋಣಿ

ಹಕ್ಕಿಗಳು ಗೂಡು ಕಟ್ಟುವ ಕಾಲ ಬಂತೆಂದರೆ ಆ ಕೆರೆಯ ದಂಡೆಗೆ ಬಸ್ಸುಗಳು ಬಂದು ನಿಲ್ಲುತ್ತವೆ. ಬಂದವರು ಡಬ್ಬಿಯಲ್ಲಿ ತಂದದ್ದನ್ನೇ ತಿನ್ನುತ್ತಾರೆ, ಬಾಟಲಿಯನ್ನು ನೀರಿಗೆಸೆಯುತ್ತಾರೆ, ಫೋಟೊ ಹೊಡೆದುಕೊಂಡು ಹೊರಟೇ ಹೋಗುತ್ತಾರೆ. ಲಾಭ ಬಸ್ ಏಜೆಂಟನ ಜೇಬಿಗೆ, ಕಸ ಊರಿನ ಪಾಲಿಗೆ. ಇದನ್ನು ಪ್ರವಾಸ ಅನ್ನಬೇಕಂತೆ.

ಅಲ್ಲಿ ಬಂದವರನ್ನು ಕೂರಿಸಿಕೊಂಡು ದೋಣಿ ನಡೆಸುವ ದೋಣಿಯಣ್ಣನಿಗೆ ಏಜೆಂಟ್ ಒಂದು ಕೆಲಸ ಕಲಿಸಿದ್ದ. ಗೂಡುಗಳಿರುವ ನಡುಗಡ್ಡೆಯ ಹತ್ತಿರ ಹೋಗಿ ಹುಟ್ಟಿನಿಂದ ದೋಣಿಯ ಅಂಚಿಗೆ ಪಟಪಟ ಬಡಿಯಬೇಕು. ಹಕ್ಕಿಗಳೆಲ್ಲ ಒಟ್ಟಿಗೆ ಮೇಲೇಳುತ್ತವೆ, ಫೋಟೊ ಚೆನ್ನಾಗಿ ಬರುತ್ತದೆ.

ಇನ್ನೊಂದು ಕೆರೆಯಲ್ಲಿ ದೋಣಿ ನಡೆಸುವ ಅವನ ತಂಗಿ ತವರಿಗೆ ಬಂದವಳು ಇದನ್ನು ನೋಡಿ ಅವತ್ತೇ ಜಗಳ ತೆಗೆದಳು. ತಾಯಿಹಕ್ಕಿ ಎದ್ದರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಇಲ್ಲವೇ ಕಾಗೆಯ ಬಾಯಿಗೆ ಹೋಗುತ್ತದೆ ಎಂದಳು. ಅಣ್ಣ ತಲೆಗೆ ಹಾಕಿಕೊಳ್ಳಲಿಲ್ಲ.

"ಸುಮ್ನೆ ಕೂತಿರೋ ಹಕ್ಕಿ ನೋಡೋಕೆ ಯಾರು ಬರ್ತಾರೆ ತಾಯಿ? ಬಸ್ಸು ನಿಂತ್ರೆ ನೀನು ಬಂದು ನಮ್ಮನೆ ಒಲೆ ಹಚ್ತೀಯಾ?"

"ಹಕ್ಕೀನೇ ಹೋದ್ರೆ ಏಜೆಂಟ್ ಬೇರೆ ಕೆರೆ ನೋಡ್ಕೋತಾನೆ. ನೀನು ಎಲ್ಲಿಗೆ ಹೋಗ್ತೀಯಣ್ಣ?"

ಈ ಸಲ ಅರ್ಧ ಗೂಡುಗಳು ಖಾಲಿಯೇ ಇವೆ ಎಂದು ಅವನ ಹೆಂಡತಿಯೂ ಒಳಗಿನಿಂದ ಸೇರಿಸಿದಳು.

ಮರುದಿನ ಬಸ್ಸಿನವರನ್ನೂ ಏಜೆಂಟನನ್ನೂ ಕೂರಿಸಿಕೊಂಡು ತಂಗಿಯೇ ಹುಟ್ಟು ಹಿಡಿದಳು. ದೋಣಿಯನ್ನು ದೂರದಲ್ಲೇ ನಿಲ್ಲಿಸಿ, ಯಾರೂ ಮಾತಾಡಬಾರದು ಎಂದಳು. ಏಜೆಂಟ್ ಗೊಣಗುತ್ತಲೇ ಕೂತ. ಸ್ವಲ್ಪ ಹೊತ್ತಿಗೆ ಒಂದು ಹಕ್ಕಿ ಬಂದು ಕೊಕ್ಕು ತೆರೆಯಿತು, ಮರಿಗಳು ಮೀನಿಗಾಗಿ ಅದರ ಗಂಟಲಿಗೇ ತಲೆ ತೂರಿಸಿ ಕಿತ್ತಾಡಿದವು. ಇನ್ನೊಂದು, ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳು ಹಿಡಿದು ನಿಂತೇ ಇತ್ತು. ದೋಣಿಯಣ್ಣ ಬಾಯಿ ತೆರೆದು ನೋಡಿದ. ಹುಟ್ಟಿದಾಗಿನಿಂದ ಇದೇ ಕೆರೆಯಲ್ಲಿದ್ದರೂ ಅವನು ಕಂಡಿದ್ದೆಲ್ಲ ಹೆದರಿ ಹಾರುವ ಹಕ್ಕಿಗಳನ್ನೇ.

"ಸಾಕು, ಬಡಿ," ಎಂದ ಏಜೆಂಟ್.

"ಬಡಿಯಲ್ಲ ಸ್ವಾಮಿ," ಎಂದ ದೋಣಿಯಣ್ಣ. "ಬಸ್ಸು ಬೇಕಾದ್ರೆ ಬೇರೆ ಕಡೆ ತಗೊಂಡ್ಹೋಗಿ."

ಏಜೆಂಟ್ ಹಾಗೇ ಮಾಡಿದ. ಮೊದಮೊದಲು ಕಷ್ಟವೇ ಆಯಿತು. ಆದರೆ ಅಂದು ಆ ದೋಣಿಯಲ್ಲಿದ್ದ ಒಂದು ಕುಟುಂಬ, ಸಂಜೆ ಇನ್ನೊಮ್ಮೆ ನೋಡಬೇಕೆಂದು ಅಲ್ಲೇ ಉಳಿಯಿತು. ದೋಣಿಯಣ್ಣನ ಹೆಂಡತಿ ಅಡುಗೆ ಮಾಡಿ ಬಡಿಸಿದಳು. ಅವರು ಹೇಳಿ ಕಳಿಸಿದವರು ಆಮೇಲೆ ಬಂದರು. ಈಗ ದೋಣಿಯವರೆಲ್ಲ ಸೇರಿ ಒಂದು ಕಟ್ಟುಪಾಡು ಮಾಡಿಕೊಂಡಿದ್ದಾರೆ: ದೋಣಿ ದೂರ, ಬಾಯಿ ಬಂದ್, ಊಟ ಊರಿನ ಮನೆಗಳಲ್ಲಿ.

ನೋಡಲು ಹೋಗುವವರೇ, ತೆಪ್ಪಗೆ ಕೂರಲು ಬಾರದಿದ್ದರೆ ದಯವಿಟ್ಟು ಮನೆಯಲ್ಲೇ ಇರಿ. ಹೋಗುವುದಾದರೆ ಆ ಊರಿನವರ ಕೈಯಡುಗೆ ಉಣ್ಣಿ, ಅವರ ದೋಣಿಯನ್ನೇ ಹತ್ತಿ, ತಂದ ಬಾಟಲಿಯನ್ನು ವಾಪಸ್ ಒಯ್ಯಿರಿ. ನಿಮಗದು ಒಂದು ದಿನದ ನೋಟ. ಅಲ್ಲಿರುವವರಿಗೆ ಅದೇ ಮನೆ.