ತಿದ್ದುವ ಗುಂಡಿ

ಆ ಫಾರಂ ಮಾಡಿದವನು ಕೈಗೆ ಸಿಕ್ಕಿದ್ದರೆ ಎರಡು ಬಿಗಿಯುತ್ತಿದ್ದೆ. ಡಯಾಲಿಸಿಸ್‌ಗೆ ಬರುವವರೆಲ್ಲ ಇನ್ನು ಮುಂದೆ ಫೋನಿನಲ್ಲಿ ನೋಂದಾಯಿಸಿಕೊಂಡೇ ಬರಬೇಕೆಂದು ಆಸ್ಪತ್ರೆಯವರು ಹೇಳಿದ್ದರು. ಅತ್ತೆ ಫೋನ್ ಮುಟ್ಟುವವರಲ್ಲ. ಗಂಡ ಲಾರಿ ಹತ್ತಿ ಹೋಗಿದ್ದ. ಹಾಗಾಗಿ ಹೊಲಿಗೆ ಅಂಗಡಿಯಲ್ಲಿ ಕೂತು ನಾನೇ ತುಂಬಿದೆ.

ಮೊದಲ ಚೌಕದ ಮೇಲೆ ‘ಬಳಕೆದಾರರು’ ಅಂತಿತ್ತು, ಎರಡನೆಯದರ ಮೇಲೆ ‘ಸಂಬಂಧಿ’. ರೋಗಿ ಅನ್ನುವ ಮಾತೇ ಎಲ್ಲೂ ಇಲ್ಲ. ನಮ್ಮ ಅಂಗಡಿಯಲ್ಲಿ ಬಟ್ಟೆ ಯಾರೇ ತೊಡಲಿ, ಚೀಟಿ ಬರೆಯುವುದು ತಂದುಕೊಟ್ಟವರ ಹೆಸರಿಗೆ. ಅದೇ ಅಭ್ಯಾಸದಲ್ಲಿ ಕೈ ಓಡಿತು. ಫೋನ್ ಬಳಸುತ್ತಿರುವವಳು ನಾನು, ನನ್ನ ಹೆಸರು ಮೇಲೆ, ಅತ್ತೆಯ ಹೆಸರೂ ಗುರುತಿನ ಚೀಟಿಯ ನಂಬರೂ ಕೆಳಗೆ. ಒತ್ತಿದೆ. ಹಸಿರು ಗುರುತು ಬಂತು. ಅಬ್ಬಾ, ಮುಗಿಯಿತಲ್ಲ ಎಂದು ಮತ್ತೆ ಕತ್ತರಿ ಹಿಡಿದೆ.

ಮಾರನೆಯ ಬೆಳಿಗ್ಗೆ ಆಸ್ಪತ್ರೆಯಲ್ಲಿ ನರ್ಸ್ ಕಂಪ್ಯೂಟರ್ ನೋಡಿ ಹಣೆ ಚಚ್ಚಿಕೊಂಡಳು.

“ಅಕ್ಕಾ, ಏನ್ ಮಾಡಿಟ್ಟಿದ್ದೀರಾ? ಇದ್ರಲ್ಲಿ ಪೇಷೆಂಟು ನೀವು!”

“ಅಯ್ಯೋ! ಹಾಗಾದ್ರೆ ತಿದ್ದಮ್ಮಾ.”

“ತಿದ್ದೋಕೆ ನಮಗೆ ಬಟನ್ನೇ ಕೊಟ್ಟಿಲ್ಲ. ಈ ಅಮ್ಮನ ಗುರುತಿನ ಚೀಟಿ ನಿಮ್ಮ ಹೆಸರಿನ ಕೆಳಗೆ ಸೇರ್ಕೊಂಡ್ಬಿಟ್ಟಿದೆ. ಅದು ಬಿಡೋ ತನಕ ಹೊಸದಾಗಿ ಸೇರ್ಸೋಕಾಗಲ್ಲ, ಮೆಷಿನ್ನೂ ಸಿಗಲ್ಲ. ಆಫೀಸ್ನೋರು ಬರೋದು ಸೋಮವಾರ.”

ಸೋಮವಾರ! ಅತ್ತೆಯ ಮುಖ ಊದಿಕೊಂಡಿತ್ತು, ಪಾದ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆಂದು ಕೂತೇ ಇದ್ದರು. ಅಲ್ಲಿಯವರೆಗೆ ಅವರು ತಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ನನ್ನ ಫೋನಿನಲ್ಲಿ ಆ ಫಾರಂ ತೆರೆದು ಮೇಲಕ್ಕೂ ಕೆಳಕ್ಕೂ ಎಳೆದಾಡಿದೆ. ‘ಹಿಂದೆ’ ಇಲ್ಲ, ‘ತಿದ್ದಿ’ ಇಲ್ಲ. ತಳದಲ್ಲಿ ‘ನೋಂದಣಿ ಮುಚ್ಚಿ’ ಎಂಬ ಒಂದು ಗುಂಡಿ ಮಾತ್ರ. ಒತ್ತಿದರೆ ಕಾರಣ ಕೇಳಿತು. ಅಲ್ಲಿದ್ದುದೂ ಒಂದೇ ಕಾರಣ: ‘ಬಳಕೆದಾರರು ಮೃತಪಟ್ಟಿದ್ದಾರೆ’.

“ಹೋಗ್ಲಿ, ಸತ್ತೆ ಅಂತಾನೇ ಹಾಕ್ತೀನಿ,” ಅಂದೆ.

ಅತ್ತೆ ಸಿಡಿದರು. ಮದುವೆಯಾಗಿ ಬಂದಾಗಿನಿಂದ ನನ್ನ ಒಂದು ಕೆಲಸವನ್ನೂ ಸೈ ಅನ್ನದವರು. “ಬಿಡ್ತು ಅನ್ನೇ! ಬಾಯಿಗೆ ಬಂದಿದ್ದೆಲ್ಲ ಆಡ್ತಾರಾ? ನಿನ್ನ ಸಾಯ್ಸಿ ನಾನು ಬದುಕ್ಬೇಕಾ? ನಡಿ ಮನೆಗೆ. ಸೋಮವಾರ ಬಂದ್ರಾಯ್ತು.”

“ಅತ್ತೆ, ಅದು ಬರೀ ಫೋನಲ್ಲಿ…”

“ಎಲ್ಲಾದ್ರೂ ಸರಿ, ಬೇಡ ಅಂದ್ರೆ ಬೇಡ!” ಎದ್ದು ಹೊರಟೇಬಿಟ್ಟರು. ಬಾಗಿಲು ಮುಟ್ಟುವ ಮೊದಲೇ ಉಸಿರು ಸಿಕ್ಕಿಕೊಂಡು ಗೋಡೆ ಹಿಡಿದರು. ಎಂಥ ಹಟಮಾರಿ ಹೆಂಗಸಪ್ಪಾ! ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು.

ಅವರನ್ನು ಕೂರಿಸಿ, ಬೆನ್ನು ತಿರುಗಿಸಿ ಒತ್ತಿಬಿಟ್ಟೆ. ಅವರ ಚೀಟಿ ನನ್ನ ಹೆಸರಿನಿಂದ ಬಿಟ್ಟಿತು. ನರ್ಸ್ ಕಂಡೂ ಕಾಣದವಳಂತೆ ಅತ್ತೆಯ ಹೆಸರನ್ನು ಹೊಸದಾಗಿ ಸೇರಿಸಿದಳು.

“ಆಫೀಸಿಂದಾನೇ ಸರಿ ಮಾಡಿದ್ರಂತೆ ಅತ್ತೆ, ಬನ್ನಿ,” ಅಂದೆ.

ಸೂಜಿ ಚುಚ್ಚಿ ಮೆಷಿನ್ ಶುರುವಾಯಿತು. ಅಷ್ಟರಲ್ಲಿ ನನ್ನ ಫೋನ್ ಸದ್ದು ಮಾಡಿತು.

“ಏನಂತೆ? ಓದು,” ಅಂದರು ಅತ್ತೆ.

‘ನಿಮ್ಮ ಕುಟುಂಬದ ಸದಸ್ಯರ ಅಗಲಿಕೆಗೆ ನಮ್ಮ ಸಂತಾಪಗಳು’ ಎಂದಿತ್ತು. ಕೆಳಗೆ ನನ್ನ ಹೆಸರು.

“ಎಲ್ಲ ಸರಿಯಾಗಿದೆಯಂತೆ ಅತ್ತೆ.” ದನಿ ನಡುಗಿಬಿಟ್ಟಿತು.

ಅತ್ತೆ ನನ್ನನ್ನೇ ನೋಡಿದರು. ಅವರ ಕಣ್ಣು ತುಂಬಿತ್ತು. ಸೂಜಿಯಿಲ್ಲದ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದು, ನಾಡಿಯ ಮೇಲೆ ಬೆರಳೊತ್ತಿದರು.

“ಸುಳ್ಳು ಹೇಳೋಕೂ ನೆಟ್ಟಗೆ ಬರಲ್ಲ ನಿಂಗೆ,” ಅಂದರು. ಮೆಷಿನ್ ನಿಲ್ಲುವವರೆಗೂ ಆ ಬೆರಳು ತೆಗೆಯಲಿಲ್ಲ.