ಹದಿನಾಲ್ಕರ ನಸುಕು

ಭಾಲ್ಕಿಯ ಸುಭದ್ರಾಬಾಯಿಯವರ ಮನೆಯಲ್ಲಿ ತಾರೀಖು ಬದಲಾಗುವುದು ಮಧ್ಯರಾತ್ರಿಗಲ್ಲ, ಅವರ ಸ್ನಾನ ಆದ ಮೇಲೆ. ಪಡಸಾಲೆಯಲ್ಲಿ ಬಾಬಾಸಾಹೇಬರ ಫೋಟೋದ ಕೆಳಗೆ ದಿನಕ್ಕೊಂದು ಹಾಳೆಯ ಕ್ಯಾಲೆಂಡರು ತೂಗುತ್ತದೆ. ಬೆಳಿಗ್ಗೆ ಮಿಂದು, ಫೋಟೋಗೆ ಕೈಮುಗಿದು, ನಿನ್ನೆಯ ಹಾಳೆಯನ್ನು ಅವರು ಹರಿದ ಮೇಲೆಯೇ ಆ ಮನೆಗೆ ಹೊಸ ದಿನ. ಅಲ್ಲಿಯವರೆಗೆ ಕೋಳಿ ಎಷ್ಟೇ ಕೂಗಲಿ, ಹಾಲಿನವನು ಎಷ್ಟೇ ಬಾಗಿಲು ಬಡಿಯಲಿ, ನಿನ್ನೆಯೇ ನಡೆಯುತ್ತಿರುತ್ತದೆ. ಅವರ ತಾಯಿಯೂ ಹಾಗೇ ಎಣಿಸುತ್ತಿದ್ದರು: ನಸುಕು ಅಂದರೆ ಕಳೆದ ದಿನದ ಬಾಲ, ಬರುವ ದಿನದ ತಲೆಯಲ್ಲ. ಜೀವಮಾನವೆಲ್ಲ ಮಕ್ಕಳಿಗೆ ಗಡಿಯಾರ ನೋಡುವುದನ್ನು ಕಲಿಸಿ ನಿವೃತ್ತರಾದ ಟೀಚರು ಇವರು ಅಂದರೆ ಯಾರಾದರೂ ನಕ್ಕಾರು. ಆದರೆ ಮಾತು ನಿಜ.

ಮಗ ನಾಗಸೇನ ಔರಾದಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಅವನಿಗೆ ಆಕಾಶದ ಹುಚ್ಚು. ಉಲ್ಕೆಗಳು ಸುರಿಯುವುದನ್ನು ತೋರಿಸುತ್ತೇನೆ ಬನ್ನಿ ಎಂದು ಆಗಸ್ಟಿನಲ್ಲಿ ಅರ್ಧ ಊರನ್ನು ಶಾಲೆಯ ಮೈದಾನಕ್ಕೆ ಕರೆದಿದ್ದ. ಆವತ್ತು ಮೋಡ ಹರಿದು ಬಿದ್ದದ್ದು ನೀರು. ಜನ ವರಾಂಡದಲ್ಲಿ ನಿಂತು ಚಹಾ ಕುಡಿದು, ಮಾಸ್ತರನ್ನು ಹೊಗಳುವಂತೆ ಮಾಡಿ ಚುಚ್ಚಿ ಮನೆಗೆ ಹೋದರು. ಆಮೇಲಿಂದ ಅವನು ಸಿಕ್ಕಸಿಕ್ಕವರಿಗೆಲ್ಲ ಪಾಠ ಹೇಳಿದ್ದೇ ಹೇಳಿದ್ದು. ಧೂಮಕೇತುಗಳಂಥವು ಉದುರಿಸಿಹೋದ ಧೂಳಿನ ಹಾದಿಯನ್ನು ಭೂಮಿ ಪ್ರತಿ ವರ್ಷ ಅದೇ ತಿಥಿಗೆ ಬಂದವರಂತೆ ದಾಟುತ್ತದೆ, ಅದಕ್ಕೇ ಅವು ವರ್ಷ ವರ್ಷವೂ ಅವೇ ದಿನಗಳಲ್ಲಿ ಬೀಳುತ್ತವೆ. ಆಗಸ್ಟಿನದು ಹೆಸರುವಾಸಿ, ಆದರೆ ನಮ್ಮ ಕಡೆ ಅದು ಮುಂಗಾರಿನ ಪಾಲು. ಅಕ್ಟೋಬರ್, ನವೆಂಬರಿನವು ತೆಳು. ನಮ್ಮದು ಅಂದರೆ ಡಿಸೆಂಬರಿನದು. ಆಕಾಶ ತೊಳೆದಿಟ್ಟಿರುತ್ತದೆ, ನಿದ್ದೆಗೆಡುವುದೂ ಬೇಕಾಗಿಲ್ಲ, ಊಟ ಮುಗಿಸಿ ಮಾಳಿಗೆ ಹತ್ತಿದರೆ ಪೂರ್ವದಿಂದ ಶುರುವಾಗಿರುತ್ತವೆ. ಕಣ್ಣು ಕತ್ತಲಿಗೆ ಹೊಂದುವವರೆಗೆ ಸುಮ್ಮನೆ ಕೂರುವ ತಾಳ್ಮೆ ಒಂದಿದ್ದರೆ ಸಾಕು.

ಹಾಗೆಂದು ತಾಯಿಗೂ ಫೋನು ಮಾಡಿ, ಹದಿನಾಲ್ಕರ ನಸುಕಿನಲ್ಲಿ ಬಹಳ ಬೀಳುತ್ತವೆ, ಶನಿವಾರವೇ ಬಂದುಬಿಡು ಎಂದ. ಶನಿವಾರ ಹದಿಮೂರು. ಸುಭದ್ರಾಬಾಯಿ ಮನಸ್ಸಿನಲ್ಲೇ ನಕ್ಕರು. ಹದಿನಾಲ್ಕರ ನಸುಕು ಅಂದರೆ ಹದಿನಾಲ್ಕರ ಬಾಲ, ಭಾನುವಾರದ ರಾತ್ರಿ ಕಳೆದ ಮೇಲೆ ತಾನೆ. ಈ ಹುಡುಗನಿಗೆ ಎಲ್ಲದಕ್ಕೂ ಅವಸರ. ಭಾನುವಾರವೇ ಬರುತ್ತೇನೆ ಅಂದರು. ಈ ಸಲವೂ ಊರವರನ್ನು ಕರೆದು ಮೈದಾನ, ಚಾಪೆ, ಚಹಾ ಎಂದು ಗಡಿಬಿಡಿಯಲ್ಲಿದ್ದ ನಾಗಸೇನ, ಚಳಿಗೆ ಹೆದರಿದ್ದಾಳೆ ಅಂದುಕೊಂಡು, ನಿನ್ನ ಮರ್ಜಿ ಎಂದು ಫೋನು ಇಟ್ಟ.

ಇನ್ನು ಕಣ್ಣಿನ ಮಾತು. ಸುಭದ್ರಾಬಾಯಿಯವರ ಎಡಗಣ್ಣು ಎಳವೆಯಲ್ಲೇ ಜ್ವರಕ್ಕೆ ಹೋಗಿತ್ತು. ಓದಿದ್ದು, ನೌಕರಿ ಹಿಡಿದದ್ದು, ಮಗನನ್ನು ಬೆಳೆಸಿದ್ದು ಎಲ್ಲ ಬಲಗಣ್ಣೊಂದರ ಮೇಲೆ. ಅದಕ್ಕೂ ಮೋತಿಬಿಂದು, ಅಂದರೆ ಪೊರೆ, ಬಂದು ದಸರೆಯ ನಂತರ ಬೀದರಿನ ಡಾಕ್ಟರ್ ಹಮೀದುನ್ನಿಸಾ ಆಪರೇಷನ್ ಮಾಡಿದ್ದರು. ಪಟ್ಟಿ ಬಿಚ್ಚಿದ ಮೇಲೆ ಲೋಕವೇ ಬೇರೆಯಾಯಿತು. ಪೇಪರಿನ ಸಣ್ಣ ಅಕ್ಷರ ಕಂಡವು, ಗಂಡ ಮಾಣಿಕರ ಅಂಗಿಯ ಕಾಲರಿನ ಕೊಳೆಯೂ ಕಂಡಿತು. ಎರಡನೆಯದರಿಂದ ಮಾಣಿಕರಿಗೆ ಅಷ್ಟೇನೂ ಸಂತೋಷವಾಗಲಿಲ್ಲ. ಡಾಕ್ಟರು ಒಂದೇ ಎಚ್ಚರಿಕೆ ಹೇಳಿದ್ದರು. ಕಣ್ಣಿನ ಮೂಲೆಯಲ್ಲಿ ಮಿಂಚು ಹೊಡೆದಂತೆ ಬೆಳಕಿನ ಗೆರೆ ಕಂಡರೆ ಒಂದು ದಿನವೂ ತಡೆಯಬೇಡಿ, ಕಣ್ಣಿನ ಹಿಂದಿನ ಪರದೆ ಬಿಚ್ಚುತ್ತಿರಬಹುದು. ಆ ಪರದೆ ಹೋದರೆ ಕಣ್ಣೇ ಹೋದಂತೆ.

ಶನಿವಾರ ಊಟವಾದ ಮೇಲೆ ಸುಭದ್ರಾಬಾಯಿ ಬಿಸಿಲಿಗೆ ಹಾಕಿದ್ದ ಕೌದಿಗಳನ್ನು ತರಲು ಮಾಳಿಗೆ ಹತ್ತಿದರು. ನೀರಿನ ಟಾಕಿಯ ಮರೆ ಕತ್ತಲಾಗಿತ್ತು. ಹಾಯೆನಿಸಿ ಅಲ್ಲೇ ಕೌದಿಯ ಮೇಲೆ ಕುಳಿತು ತೊಗರಿ ಹೊಲಗಳ ಕಡೆಯಿಂದ ಬರುವ ಗಾಳಿ ಕುಡಿಯುತ್ತಿದ್ದರು. ಆಗ ಬಲಗಣ್ಣಿನ ಅಂಚಿನಲ್ಲಿ ಬೆಳ್ಳಗಿನ ಗೆರೆಯೊಂದು ಸರ್ರನೆ ಎಳೆದು ಆರಿತು.

ಇಲ್ಲ, ಏನೋ ಭ್ರಮೆ ಎಂದು ಕಣ್ಣು ಒರೆಸಿಕೊಂಡರು. ಸ್ವಲ್ಪ ಹೊತ್ತಿಗೆ ಮೇಲಿನ ಮೂಲೆಯಲ್ಲಿ ಇನ್ನೊಂದು. ಕಣ್ಣು ಗಟ್ಟಿಯಾಗಿ ಮುಚ್ಚಿ ಕುಳಿತರು. ತೆರೆದ ಮೇಲೆ ಮತ್ತೊಂದು. ಆಕಾಶದ ನೆನಪು ಅವರಿಗೆ ಬರಲಿಲ್ಲ ಅಂತಲ್ಲ, ಬಂತು. ಆದರೆ ಮಗ ಹೇಳಿದ್ದು ಹದಿನಾಲ್ಕು. ಕೆಳಗೆ ಗೋಡೆಯ ಮೇಲೆ ಇನ್ನೂ ಹದಿಮೂರರ ಹಾಳೆ ಇದೆ. ಅವು ಬೀಳುವುದು ನಾಳೆ, ಇವು ಬೀಳುತ್ತಿರುವುದು ತನ್ನ ಕಣ್ಣೊಳಗೆ.

ಆದರೂ ಆಸೆ ಬಿಡಲಿಲ್ಲ. ಮಾಣಿಕರನ್ನು ಕೂಗಿ ಕರೆದರು. ಮಾಣಿಕರು ಟೀವಿ ಮುಂದಿನಿಂದ ಎದ್ದು, ಮಫ್ಲರು ಸುತ್ತಿಕೊಂಡು, ಬೀದಿ ದೀಪ ಕಣ್ಣಿಗೆ ಹೊಡೆಯುವ ಕಡೆಯೇ ಬಂದು ನಿಂತರು. ಏನಾದರೂ ಬೆಳಕು ಕಾಣುತ್ತದೆಯೇ ಎಂದು ಸುಭದ್ರಾಬಾಯಿ ಕೇಳುತ್ತಿದ್ದಂತೆಯೇ ಮಾಣಿಕರ ಬೆನ್ನ ಹಿಂದೆ ಇನ್ನೊಂದು ಗೆರೆ ಹಾದುಹೋಯಿತು.

"ಏನೂ ಇಲ್ಲಲ್ಲ. ಚಳಿಗಿ ಕಣ್ಣಾಗ ನೀರ ಬಂದಿರಬೇಕು, ನಡಿ ಒಳಗ," ಅಂದರು ಮಾಣಿಕರು.

ಅಲ್ಲಿಗೆ ಮುಗಿಯಿತು. ಗಂಡನಿಗೆ ಕಾಣದ್ದು ತನಗೊಬ್ಬಳಿಗೇ ಕಂಡಿತೆಂದರೆ ಇನ್ನೇನು ಸಾಕ್ಷಿ ಬೇಕು? ಒಳಗೆ ಬಂದು ಮಲಗಿದರು, ನಿದ್ದೆ ಬರಲಿಲ್ಲ. ಮಾಣಿಕರಿಗೆ ಬಿ.ಪಿ., ಹೇಳುವ ಹಾಗಿಲ್ಲ. ನಾಗಸೇನನಿಗೆ ಹೇಳಿದರೆ ನಾಳೆಯ ಕಾರ್ಯಕ್ರಮ ಬಿಟ್ಟು ಓಡಿಬರುತ್ತಾನೆ. ಆಗಸ್ಟಿನಲ್ಲಿ ನಕ್ಕವರು ಈ ಸಲ ಊರೆಲ್ಲ ಸಾರುತ್ತಾರೆ. ಕತ್ತಲಲ್ಲಿ ಗೋಡೆ ತಡವಿಕೊಂಡು ಬಚ್ಚಲಿಗೆ ಹೋಗಿ ಬಂದರು, ಇನ್ನು ಮುಂದೆ ಹೀಗೇ ಓಡಾಡಬೇಕಲ್ಲ ಎಂದು ಅಭ್ಯಾಸ ಮಾಡುವವರಂತೆ. ಆಗ ಅಳು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು.

ಮುಂಜಾನೆ ಮಬ್ಬಿನಲ್ಲೇ, ಹೇಗೂ ಔರಾದಿಗೆ ಹೋಗಬೇಕು, ಬೀದರಿನಲ್ಲಿ ಸ್ವಲ್ಪ ಖರೀದಿ ಇದೆ, ನೀವು ಮಧ್ಯಾಹ್ನ ನೇರ ಅಲ್ಲಿಗೇ ಬನ್ನಿ ಎಂದು ಗಂಡನಿಗೆ ಹೇಳಿ ಬಸ್ಸು ಹತ್ತಿದರು. ಸ್ನಾನವಿಲ್ಲ, ಕ್ಯಾಲೆಂಡರಿನ ಹಾಳೆ ಹರಿಯಲಿಲ್ಲ. ಮಾಣಿಕರು ಇದನ್ನು ಗಮನಿಸಬೇಕಿತ್ತು, ಗಮನಿಸಲಿಲ್ಲ.

ಭಾನುವಾರ ದವಾಖಾನೆ ಬಂದ್. ಡಾಕ್ಟರ ಮನೆ ಅದರ ಮೇಲೆಯೇ. ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದ ಸುಭದ್ರಾಬಾಯಿಯವರ ಮುಖ ನೋಡಿದ ಹಮೀದುನ್ನಿಸಾ ಏನೂ ಕೇಳದೆ ಬೀಗದ ಕೈ ತೆಗೆದುಕೊಂಡು ಕೆಳಗಿಳಿದರು. ಕಣ್ಣಿಗೆ ಔಷಧದ ಹನಿ ಹಾಕಿದರು, ಪಾಪೆ ಅಗಲವಾಗುವವರೆಗೆ ಕಾಯಿಸಿದರು, ಆಮೇಲೆ ದೀಪ ಹಿಡಿದು ಬಗ್ಗಿ ನೋಡಿದರು. ಮೇಲೆ ನೋಡಿ ಅಂದರು, ಕೆಳಗೆ ನೋಡಿ ಅಂದರು, ಇನ್ನೊಮ್ಮೆ ಮೊದಲಿಂದ ನೋಡಿದರು. ಸುಭದ್ರಾಬಾಯಿ ಕುರ್ಚಿಯ ಕೈ ಬಿಗಿಹಿಡಿದು ಅವರ ಉಸಿರಾಟದಲ್ಲೇ ಫಲಿತಾಂಶ ಹುಡುಕುತ್ತಿದ್ದರು.

"ಕಣ್ಣ ಮುಚ್ಚಿದಾಗೂ ಕಂಡವೇನ್ರಿ, ಟೀಚರ್?"

"ಇಲ್ರಿ. ಮುಚ್ಚಿದ್ರ ಬರೇ ಕತ್ತಲ."

"ಮನಿ ಒಳಗ ಬಂದ ಮ್ಯಾಲ?"

"ಒಂದೂ ಇಲ್ರಿ."

ಡಾಕ್ಟರು ದೀಪ ಆರಿಸಿ, ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತರು.

"ಪರದೆ ಬರೋಬ್ಬರಿ ಅದರಿ. ಫಿಕರ್ ಮಾಡಬ್ಯಾಡ್ರಿ. ನೀವು ನೋಡಿದ್ದು ಕಣ್ಣಾಗಿಂದಲ್ಲ, ಆಕಾಶದಾಗಿಂದು. ನಿನ್ನೆ ನಾನೂ ನಮ್ಮ ಅಮ್ಮೀನೂ ಮಾಳಗಿ ಮ್ಯಾಲ ಕುಂತು ನೋಡೀವಿ."

ಸುಭದ್ರಾಬಾಯಿಗೆ ಇದು ಸಮಾಧಾನದ ಮಾತು ಅನ್ನಿಸಿತು. ರೋಗಿಯನ್ನು ಪುಸಲಾಯಿಸುವುದು ಡಾಕ್ಟರುಗಳಿಗೆ ಗೊತ್ತಿಲ್ಲದ ವಿದ್ಯೆಯೇ?

"ಅವು ಇವತ್ತ ರಾತ್ರಿ ಬೀಳಾವ್ರಿ. ನಮ್ಮ ಮಗ ವಿಜ್ಞಾನದ ಮಾಸ್ತರ ಇದ್ದಾನ. ಹದಿನಾಲ್ಕರ ನಸುಕಿನ್ಯಾಗ ಅಂತ ಹೇಳ್ಯಾನ."

"ಹದಿನಾಲ್ಕರ ನಸುಕು ಇವತ್ತ ಮುಂಜಾನಿ ಆಗಿಹೋಯ್ತಲ್ರಿ, ಟೀಚರ್," ಅಂದರು ಹಮೀದುನ್ನಿಸಾ.

ಭಾಲ್ಕಿಯ ಪಡಸಾಲೆ, ಹರಿಯದ ಹದಿಮೂರರ ಹಾಳೆ, ನಸುಕನ್ನು ಬಾಲ ಅನ್ನುತ್ತಿದ್ದ ತಾಯಿ, ಎಲ್ಲ ಒಂದೊಂದಾಗಿ ಸುಭದ್ರಾಬಾಯಿಯವರ ಕಣ್ಣ ಮುಂದೆ ಬಂದವು. ಮಗ ಹೇಳಿದ್ದು ನಿನ್ನೆಯ ರಾತ್ರಿಯನ್ನೇ. ಹೋದ ಜೀವ ಮರಳಿ ಬಂದಂತಾಯಿತು. ನಗು ಬಂತು, ನಾಚಿಕೆಯೂ ಬಂತು. ಭಾನುವಾರದ ದಿನ ಸುಮ್ಮನೆ ಎಬ್ಬಿಸಿದೆನಲ್ಲ ಎಂದು ಕೈ ಜೋಡಿಸಿದರು. ಡಾಕ್ಟರು ಮಾತ್ರ ಗದರಿಸಿದರು. ಬಂದದ್ದೇ ಸರಿ, ಮತ್ತೆ ಇಂಥದು ಕಂಡರೂ ಆಕಾಶದ್ದೋ ಕಣ್ಣಿನದೋ ಎಂದು ತಾವೇ ತೀರ್ಮಾನ ಮಾಡದೆ ಹೀಗೇ ಬರಬೇಕು ಎಂದು ಹೇಳಿ ಚಹಾ ಕುಡಿಸಿ ಕಳಿಸಿದರು.

ಔರಾದಿನ ಬಸ್ಸು ಯಾವುದೆಂದು ಬೋರ್ಡು ಓದಲಾಗಲಿಲ್ಲ, ಹನಿಯ ಪ್ರಭಾವ. ಕಂಡಕ್ಟರನನ್ನು ಕೇಳಿ ಹತ್ತಿದರು. ಕಿಟಕಿಯಾಚೆ ಹೊಲಗಳೆಲ್ಲ ಕಲಸಿದ ಬಣ್ಣದಂತೆ ಓಡುತ್ತಿದ್ದವು. ಅಷ್ಟು ಮಸುಕಾದ ಲೋಕ ಅಷ್ಟು ಚಂದ ಕಂಡದ್ದು ಅವರ ಜನ್ಮದಲ್ಲಿ ಅದೇ ಮೊದಲು.

ನಾಗಸೇನ ರಾತ್ರಿಯೆಲ್ಲ ಎದ್ದಿದ್ದವನು ಕಂಬಳಿ ಹೊದ್ದು ಬಿದ್ದುಕೊಂಡಿದ್ದ. ಕಾರ್ಯಕ್ರಮ ಗೆದ್ದಿತ್ತು, ಆಗಸ್ಟಿನಲ್ಲಿ ಚುಚ್ಚಿದವರೇ ನಸುಕಿನವರೆಗೆ ಮೈದಾನ ಬಿಟ್ಟು ಏಳಲಿಲ್ಲವಂತೆ. ಅದನ್ನು ಹೇಳುತ್ತ, ತಾಯಿ ಬರಲಿಲ್ಲವೆಂಬ ಮುನಿಸನ್ನೂ ಒಂದಿಷ್ಟು ತೋರಿಸಿದ. ಆಗ ಸುಭದ್ರಾಬಾಯಿ ತಮ್ಮ ರಾತ್ರಿಯ ಕತೆ ಹೇಳಿದರು. ಅವನ ಮುನಿಸು ಎಲ್ಲಿ ಹೋಯಿತೋ ತಿಳಿಯದು.

"ಒಂದು ಫೋನ್ ಮಾಡಬೇಕಿತ್ತಲ್ಲ, ಆಯಿ," ಅಂದ.

ಮಧ್ಯಾಹ್ನ ಬಂದ ಮಾಣಿಕರಿಗೂ ವಿಷಯ ತಿಳಿಯಿತು. ನಿನ್ನೆ ತಾನು ಇನ್ನೊಂದು ಗಳಿಗೆ ನಿಂತಿದ್ದರೆ ಸಾಕಿತ್ತು ಎಂಬುದು ಅವರ ಮುಖದಲ್ಲೇ ಬರೆದಿತ್ತು. ಆ ಕಾಲರು, ಆ ಟೀವಿ ಎಂದು ಎತ್ತಿ ಆಡಬಹುದಿತ್ತು, ಸುಭದ್ರಾಬಾಯಿ ಆಡಲಿಲ್ಲ.

ಇವತ್ತೂ ಉಳಿದವು ಒಂದಷ್ಟು ಬೀಳುತ್ತವೆ ಎಂದು ಊಟವಾದ ಮೇಲೆ ನಾಗಸೇನ ಮಾಳಿಗೆಯ ಮೇಲೆ ಚಾಪೆ ಹಾಸಿದ. ಮೂವರೂ ಪೂರ್ವಕ್ಕೆ ಮುಖ ಮಾಡಿ ಮಲಗಿದರು. ಹನಿಯ ಮಬ್ಬು ಇಳಿದು ಸುಭದ್ರಾಬಾಯಿಗೆ ಚುಕ್ಕೆಗಳು ಚೂಪಾಗಿ ಕಾಣುತ್ತಿದ್ದವು. ಬಹಳ ಹೊತ್ತಿನ ಮೇಲೆ ನೆತ್ತಿಯಿಂದ ಒಂದು ಬೆಳ್ಳಗಿನ ಗೆರೆ ಜಾರಿತು. ಸುಭದ್ರಾಬಾಯಿ ಬಾಯಿ ಬಿಡಲಿಲ್ಲ. ಡಾಕ್ಟರು ಹೇಳಿದ್ದರೂ, ಮಗ ಹೇಳಿದ್ದರೂ, ಪಕ್ಕದಲ್ಲಿ ಇನ್ನೊಬ್ಬರು ಹೇಳುವವರೆಗೆ ಎದೆ ಒಪ್ಪುತ್ತಿರಲಿಲ್ಲ. ಉಸಿರು ಹಿಡಿದು ಕಾದರು.

"ಅಗೋ, ಸುಭದ್ರಾ, ಅಲ್ಲಿ," ಅಂದರು ಮಾಣಿಕರು. ಅವರು ಬೆರಳು ತೋರಿಸಿದ್ದು ಅದೇ ಜಾಗಕ್ಕೆ.

"ಕಂಡ್ತರಿ," ಅಂದರು ಸುಭದ್ರಾಬಾಯಿ. "ನನಗೂ ಕಂಡ್ತು."

ಬಲಗಣ್ಣು ತುಂಬಿ ಹರಿಯಿತು. ಅದರ ಜೊತೆಗೆ, ಎಳವೆಯಿಂದ ಏನನ್ನೂ ಕಾಣದ ಎಡಗಣ್ಣಿನಿಂದಲೂ ನೀರು ಇಳಿಯಿತು. ಎರಡನ್ನೂ ಒಂದೇ ಸೆರಗಿನಿಂದ ಒರೆಸಿಕೊಂಡು ಅವರು ಮತ್ತೆ ಮೇಲೆ ನೋಡಿದರು.